ಹಳೇ ಲಾರಿ ಸ್ಪ್ರಿಂಗ್‌ನಿಂದ ಮನೆಯಲ್ಲೇ ಚಾಕು: ವಿಡಿಯೋ ತೋರಿಸುವುದೆಷ್ಟು, ಬಿಡುವುದೆಷ್ಟು?

ಒಂದು ನಿಮಿಷದ ವಿಡಿಯೋ. ಗುಜರಿಯಿಂದ ತಂದ ತುಕ್ಕು ಹಿಡಿದ ಕಬ್ಬಿಣದ ಪಟ್ಟಿ, ಕೆಂಡ, ಸುತ್ತಿಗೆಯ ಏಟು, ಎಣ್ಣೆಗೆ ಅದ್ದಿದಾಗ ಭುಗ್ಗೆಂದು ಏಳುವ ಬೆಂಕಿ. ಕೊನೆಯಲ್ಲಿ ಥಳಥಳಿಸುವ ಅಲಗು, ಕೆಂಗಪ್ಪು ಮರದ ಚೆಂದದ ಹಿಡಿ. ಟೊಮೆಟೊ ಮುಟ್ಟಿದ ಕೂಡಲೇ ಎರಡು ಹೋಳು. ಕೆಳಗೆ ಒಂದು ಸಾಲು: ‘ಅಂಗಡಿ ಚಾಕು ಬಿಡಿ, ಮನೆಯಲ್ಲೇ ಮಾಡಿ.’

ಇಂಥ ವಿಡಿಯೋಗಳು ಕುಟುಂಬದ ಗ್ರೂಪುಗಳಲ್ಲಿ ಆಗಾಗ ಬಂದು ಬೀಳುತ್ತವೆ. ಜೊತೆಗೆ ಬರುವ ಮಾತುಗಳೂ ಬಗೆಬಗೆಯವು. ಯಾವ ಕಬ್ಬಿಣವಾದರೂ ಸರಿ, ಚಾಕು ಆಗುತ್ತದೆ ಎನ್ನುತ್ತದೆ ಒಂದು. ನಮ್ಮ ಪೂರ್ವಜರಿಗೆ ನ್ಯಾನೋ ತಂತ್ರಜ್ಞಾನ ಗೊತ್ತಿತ್ತು ಎನ್ನುತ್ತದೆ ಇನ್ನೊಂದು. ಮರದ ಹಿಡಿ ರೋಗದ ಗೂಡು, ತುಕ್ಕು ಹಿಡಿದ ಚಾಕು ತಾಗಿದರೆ ಧನುರ್ವಾಯು ಖಚಿತ ಎನ್ನುವವೂ ಇವೆ. ಇವುಗಳಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಸುಳ್ಳಿದೆ. ನಿಜವಾಗಿ ಅಪಾಯ ಇರುವ ಕೆಲವು ಸಂಗತಿಗಳು ವಿಡಿಯೋದಲ್ಲಿ ಇರುವುದೇ ಇಲ್ಲ.

ಮರದ ಹಿಡಿಯ ಚಾಕು ಕೈಯಲ್ಲಿ ಹೇಗೆ ತಯಾರಾಗುತ್ತದೆ ಎಂಬುದನ್ನು ನಾವು ಇಲ್ಲಿ ಹಂತ ಹಂತವಾಗಿ ನೋಡೋಣ. ದಾರಿಯಲ್ಲಿ ಸಿಗುವ ಒಂದೊಂದೇ ಫಾರ್ವರ್ಡ್ ಮಾತನ್ನು ಪರೀಕ್ಷಿಸೋಣ.

ಓದಲು ಸಮಯ ಇಲ್ಲದವರಿಗೆ ಮುಖ್ಯಾಂಶ:

• ಎಲ್ಲ ಕಬ್ಬಿಣವೂ ಚಾಕು ಆಗುವುದಿಲ್ಲ. ಮನೆ ಕಟ್ಟುವ ಸರಳು ಆಗುವುದಿಲ್ಲ, ಲಾರಿ ಸ್ಪ್ರಿಂಗ್ ಆಗುತ್ತದೆ.
• ಸತು ಲೇಪಿಸಿದ ಕಬ್ಬಿಣವನ್ನು ಕೆಂಡದಲ್ಲಿ ಕಾಯಿಸಬಾರದು. ಅದರ ಹೊಗೆ ಕಾಯಿಲೆ ತರುತ್ತದೆ.
• ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ಬೆಂಕಿ ಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳಬಹುದು.
• ಮರದ ಪುಡಿ ‘ನೈಸರ್ಗಿಕ’ ಎಂಬ ಕಾರಣಕ್ಕೆ ನಿರಪಾಯಕಾರಿ ಅಲ್ಲ.
• ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದಿಂದ.

ಯಾವ ಕಬ್ಬಿಣವಾದರೂ ಚಾಕು ಆಗುತ್ತದೆಯೇ?

ಇಲ್ಲ. ಚಾಕುವಿನ ಹರಿತ ನಿಲ್ಲಬೇಕಾದರೆ ಅಲಗು ಗಟ್ಟಿಯಾಗಬೇಕು. ಗಟ್ಟಿಯಾಗಬೇಕಾದರೆ ಕಬ್ಬಿಣದಲ್ಲಿ ಸಾಕಷ್ಟು ಇಂಗಾಲ ಇರಬೇಕು. ಸಾಮಾನ್ಯವಾಗಿ ಚಾಕುವಿಗೆ ಬಳಸುವ ಇಂಗಾಲದ ಉಕ್ಕಿನಲ್ಲಿ ಶೇ. 0.6ರಿಂದ 1ರಷ್ಟು ಇಂಗಾಲ ಇರುತ್ತದೆ. ಮನೆ ಕಟ್ಟಲು ಬಳಸುವ ಟಿಎಂಟಿ ಸರಳಿನಲ್ಲಿ ಅದು ಶೇ. 0.3ರ ಒಳಗೆ. ಅಂಥ ಸರಳನ್ನು ಎಷ್ಟು ಚೆನ್ನಾಗಿ ಬಡಿದು, ಉಜ್ಜಿ ಹೊಳಪು ಕೊಟ್ಟರೂ ನಾಲ್ಕು ಈರುಳ್ಳಿ ಹೆಚ್ಚುವಷ್ಟರಲ್ಲಿ ಮೊಂಡಾಗುತ್ತದೆ. ನೋಡಲು ಮಾತ್ರ ಚಾಕು.

ಲಾರಿ, ಜೀಪುಗಳ ಲೀಫ್ ಸ್ಪ್ರಿಂಗ್ ಪಟ್ಟಿಯ ಕಥೆ ಬೇರೆ. ಅದರಲ್ಲಿ ಸುಮಾರು ಶೇ. 0.5ರಿಂದ 0.65ರಷ್ಟು ಇಂಗಾಲ ಇರುತ್ತದೆ. ಬಾಗಿದರೂ ಮುರಿಯದ ಗುಣಕ್ಕೆಂದೇ ಮಾಡಿದ ಉಕ್ಕು ಅದು. ನಮ್ಮ ಊರುಗಳ ಕಮ್ಮಾರರು ಕತ್ತಿ, ಕುಡುಗೋಲು, ಮಚ್ಚು ಮಾಡಲು ಹಳೆಯ ಸ್ಪ್ರಿಂಗ್ ಪಟ್ಟಿ ಹುಡುಕುವುದು ಇದಕ್ಕೇ. ಈ ವಿಷಯದಲ್ಲಿ ವಿಡಿಯೋ ಹೇಳುವುದು ಸರಿ.

ಆದರೆ ಅದು ಹೇಳದೆ ಬಿಡುವ ಒಂದು ಮಾತಿದೆ. ವರ್ಷಗಟ್ಟಲೆ ಭಾರ ಹೊತ್ತ ಸ್ಪ್ರಿಂಗ್‌ನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಬಡಿಯುವಾಗಲೋ ಹದ ಹಾಕುವಾಗಲೋ ಅವು ಬಾಯಿ ಬಿಡುತ್ತವೆ. ಆದ್ದರಿಂದ ಚಾಕು ಮಾಡುವುದನ್ನೇ ಕಸುಬು ಮಾಡಿಕೊಂಡ ಅನೇಕರು ಗುಜರಿಯ ಬದಲು ಗುಣಮಟ್ಟ ಗೊತ್ತಿರುವ ಹೊಸ ಪಟ್ಟಿಯನ್ನೇ ಕೊಳ್ಳುತ್ತಾರೆ.

ಇನ್ನು ಗುಜರಿ ಅಂಗಡಿಯಿಂದ ಎಂದೂ ತರಬಾರದ್ದು ಸತು ಲೇಪಿಸಿದ ಕಬ್ಬಿಣ. ಜಿಐ ಪೈಪು, ಬೇಲಿ ಕಂಬ, ತಗಡುಗಳ ಮೇಲಿನ ಬೂದು ಬಣ್ಣದ ಹೊಳಪೇ ಸತು. ಅದು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಕುಲುಮೆಯ ಬಿಸಿ ಅದಕ್ಕಿಂತ ಹೆಚ್ಚು. ಆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು, ಕೆಮ್ಮು ಬರುತ್ತದೆ. ವೈದ್ಯರು ಇದನ್ನು ಲೋಹದ ಹೊಗೆಯ ಜ್ವರ ಎನ್ನುತ್ತಾರೆ. ಬಹುತೇಕರಿಗೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೋದಾಗ ‘ಕಬ್ಬಿಣ ಕಾಯಿಸಿದ್ದೆ’ ಎಂದು ಹೇಳುವುದನ್ನು ಮರೆಯಬಾರದು. ಹೇಳದಿದ್ದರೆ ವೈದ್ಯರಿಗೆ ಅದು ಮಾಮೂಲಿ ವೈರಲ್ ಜ್ವರದಂತೆ ಕಾಣಬಹುದು. ‘ಹಾಲು ಕುಡಿದರೆ ಏನೂ ಆಗುವುದಿಲ್ಲ’ ಎಂಬ ಮಾತು ಕಾರ್ಯಾಗಾರಗಳಲ್ಲಿ ಕೇಳಿಬರುತ್ತದೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಅದರಿಂದ ರಕ್ಷಣೆ ಸಿಗುವುದಿಲ್ಲ.

ಅಯಸ್ಕಾಂತ ಹಿಡಿದು ನೋಡುವುದು ಏಕೆ?

ಕೆಲವು ವಿಡಿಯೋಗಳಲ್ಲಿ ಕೆಂಪಗೆ ಕಾದ ಅಲಗಿಗೆ ಅಯಸ್ಕಾಂತ ತಾಗಿಸುತ್ತಾರೆ. ಅದು ಅಂಟುವುದಿಲ್ಲ. ಇದು ಕಣ್ಕಟ್ಟು ಎಂದುಕೊಂಡವರೂ ಇದ್ದಾರೆ. ಇದು ಅಪ್ಪಟ ಭೌತವಿಜ್ಞಾನ.

ಕಬ್ಬಿಣ ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವ ಗುಣ ಕಳೆದುಕೊಳ್ಳುತ್ತದೆ. ಸಾಧಾರಣ ಇಂಗಾಲದ ಉಕ್ಕನ್ನು ಗಟ್ಟಿ ಮಾಡಲು ಬೇಕಾದ ಬಿಸಿ ಅದಕ್ಕಿಂತ ತುಸು ಮೇಲೆ, ಅಂದರೆ 800 ಡಿಗ್ರಿಯ ಆಸುಪಾಸು. ಹಾಗಾಗಿ ದುಬಾರಿ ಥರ್ಮಾಮೀಟರ್ ಇಲ್ಲದವರಿಗೆ ಅಯಸ್ಕಾಂತವೇ ಅಳತೆಗೋಲು. ಅಂಟುವುದು ನಿಂತ ಮೇಲೆ ಇನ್ನೂ ಸ್ವಲ್ಪ ಕಾಯಿಸಿದರೆ ಸರಿಯಾದ ಹಂತ ಬಂತು. ಹಳೆಯ ಕಮ್ಮಾರರು ಇದೇ ಹಂತವನ್ನು ಕೆಂಡದ ಬಣ್ಣ ನೋಡಿ ಹೇಳುತ್ತಿದ್ದರು. ಕುಲುಮೆಯ ಕೊಟ್ಟಿಗೆ ಅರೆಗತ್ತಲಲ್ಲಿ ಇರುವುದಕ್ಕೂ ಕಾರಣವಿದೆ. ಬಿಸಿಲಿನಲ್ಲಿ ಕೆಂಪಿನ ಛಾಯೆ ಸರಿಯಾಗಿ ಗೊತ್ತಾಗುವುದಿಲ್ಲ.

ಎಣ್ಣೆಗೆ ಅದ್ದುವುದು ಶೋಕಿಗೋ, ಅಗತ್ಯಕ್ಕೋ?

ಅಗತ್ಯಕ್ಕೆ. ಕಾದ ಉಕ್ಕಿನಲ್ಲಿ ಇಂಗಾಲದ ಪರಮಾಣುಗಳು ಕಬ್ಬಿಣದ ಪರಮಾಣುಗಳ ನಡುವೆ ಕರಗಿ ಹರಡಿಕೊಂಡಿರುತ್ತವೆ. ನಿಧಾನವಾಗಿ ತಣಿದರೆ ಅವು ಆಚೆ ಸರಿದು ಬೇರೆಯಾಗುತ್ತವೆ, ಉಕ್ಕು ಮೆತ್ತಗಾಗುತ್ತದೆ. ಥಟ್ಟನೆ ತಣಿಸಿದರೆ ಸರಿಯಲು ಸಮಯ ಸಿಗದೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಆಗ ಉಂಟಾಗುವ ಬಿಗಿಯಾದ ರಚನೆಗೆ ಮಾರ್ಟೆನ್‌ಸೈಟ್ ಎಂದು ಹೆಸರು. ಜರ್ಮನಿಯ ಲೋಹತಜ್ಞ ಅಡಾಲ್ಫ್ ಮಾರ್ಟೆನ್ಸ್ ಅವರ ನೆನಪಿಗೆ ಇಟ್ಟದ್ದು. ಚಾಕುವಿನ ಗಟ್ಟಿತನ ಇರುವುದು ಇದರಲ್ಲೇ.

ನೀರು ಬಹಳ ವೇಗವಾಗಿ ತಣಿಸುತ್ತದೆ. ಉಪ್ಪು ನೀರು ಇನ್ನೂ ವೇಗ. ತೆಳು ಅಲಗು ಆ ಹೊಡೆತಕ್ಕೆ ಸೀಳಬಹುದು, ತಿರುಚಿಕೊಳ್ಳಬಹುದು. ಎಣ್ಣೆ ಸ್ವಲ್ಪ ಸಾವಧಾನ. ಅದಕ್ಕೇ ಸ್ಪ್ರಿಂಗ್ ಉಕ್ಕಿಗೆ ಬೆಚ್ಚಗಿನ ಎಣ್ಣೆಯನ್ನು ಬಳಸುತ್ತಾರೆ. ಕತ್ತಿಯನ್ನು ಪ್ರಾಣಿಯ ರಕ್ತದಲ್ಲಿ, ಮೂತ್ರದಲ್ಲಿ ತಣಿಸುತ್ತಿದ್ದರು, ಅದರಿಂದಲೇ ಅದಕ್ಕೆ ಶಕ್ತಿ ಬರುತ್ತಿತ್ತು ಎಂಬ ಕಥೆಗಳು ಹಲವು ದೇಶಗಳಲ್ಲಿವೆ. ಉಕ್ಕಿಗೆ ಮುಖ್ಯ ತಣಿಯುವ ವೇಗ. ರಕ್ತವಾಗಲಿ ಮೂತ್ರವಾಗಲಿ ಬಹುಪಾಲು ಉಪ್ಪು ಬೆರೆತ ನೀರು. ಅದರಲ್ಲಿ ಬೇರೆ ಮಹಿಮೆ ಇಲ್ಲ.

ಅಪಾಯ ಇರುವುದು ಎಣ್ಣೆಯ ಆಯ್ಕೆಯಲ್ಲಿ ಮತ್ತು ಪಾತ್ರೆಯಲ್ಲಿ. ವಿಡಿಯೋಗಳಲ್ಲಿ ಹೆಚ್ಚಾಗಿ ಕಾಣುವುದು ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್. ಅದರಲ್ಲಿ ಲೋಹದ ಕಣಗಳೂ ಹಾನಿಕರ ಹೈಡ್ರೋಕಾರ್ಬನ್‌ಗಳೂ ಸೇರಿಕೊಂಡಿರುತ್ತವೆ. ಅದರ ಹೊಗೆ ಒಳ್ಳೆಯದಲ್ಲ. ಪ್ಲಾಸ್ಟಿಕ್ ಡಬ್ಬದಲ್ಲಿ ಎಣ್ಣೆ ಇಟ್ಟು 800 ಡಿಗ್ರಿಯ ಅಲಗನ್ನು ಅದ್ದುವುದಂತೂ ಬೆಂಕಿಯನ್ನು ಮನೆಗೆ ಕರೆದಂತೆ. ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬಾರದು. ನೀರು ತಳಕ್ಕೆ ಇಳಿದು ಒಮ್ಮೆಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಎತ್ತರಕ್ಕೆ ಎರಚುತ್ತದೆ. ಲೋಹದ ಪಾತ್ರೆ, ಅದಕ್ಕೆ ಸರಿಹೊಂದುವ ಲೋಹದ ಮುಚ್ಚಳ ಪಕ್ಕದಲ್ಲೇ ಇರಬೇಕು. ಮುಚ್ಚಿದರೆ ಗಾಳಿ ಸಿಗದೆ ಬೆಂಕಿ ಆರುತ್ತದೆ.

ವಿಡಿಯೋದಲ್ಲಿ ಕತ್ತರಿಸಿ ಹೋದ ಎರಡು ಗಂಟೆ

ಎಣ್ಣೆಯಿಂದ ತೆಗೆದ ಅಲಗು ಗಟ್ಟಿಯಾಗಿರುತ್ತದೆ. ಅದರ ಮೇಲೆ ಅರ ಉಜ್ಜಿದರೆ ಕಚ್ಚದೆ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ. ಆದರೆ ಗಾಜಿನಂತೆಯೇ ಪೆಡಸೂ ಆಗಿರುತ್ತದೆ. ಕೈಜಾರಿ ಕಲ್ಲಿನ ನೆಲಕ್ಕೆ ಬಿದ್ದರೆ ಮುರಿಯಬಹುದು. ಹಾಗೇ ಬಳಸಿದರೆ ಅಂಚು ಚಕ್ಕೆ ಏಳಬಹುದು, ಆ ಚಕ್ಕೆ ಪಲ್ಯಕ್ಕೂ ಸೇರಬಹುದು.

ಅದಕ್ಕಾಗಿ ಅಲಗನ್ನು ಮತ್ತೆ ಸುಮಾರು 180ರಿಂದ 230 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸುತ್ತಾರೆ. ಸಾಮಾನ್ಯವಾಗಿ ಎರಡು ಸಲ. ಗಟ್ಟಿತನದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ತಾಳಿಕೆಯನ್ನು ಪಡೆಯುವ ಹಂತ ಇದು. ಕನ್ನಡದಲ್ಲಿ ‘ಹದ’ ಎಂಬ ಮಾತು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಈ ಬಿಸಿಗೆ ಒಣಹುಲ್ಲಿನ ಬಣ್ಣ ಮೂಡುತ್ತದೆ. ಇನ್ನೂ ಕಾದರೆ ನೇರಳೆ, 300 ಡಿಗ್ರಿ ಹತ್ತಿರ ನೀಲಿ. ಅಡುಗೆ ಚಾಕುವಿಗೆ ಒಣಹುಲ್ಲಿನ ಬಣ್ಣದಲ್ಲಿ ನಿಲ್ಲಿಸುತ್ತಾರೆ.

ಒಂದು ನಿಮಿಷದ ವಿಡಿಯೋದಲ್ಲಿ ಈ ಗಂಟೆಗಳಿಗೆ ಜಾಗ ಇಲ್ಲ. ವಿಡಿಯೋ ನೋಡಿ ಮಾಡಿದ ಚಾಕು ಮೊದಲ ವಾರವೇ ಮುರಿಯಿತು ಎನ್ನುವವರು ಈ ಹಂತವನ್ನು ಬಿಟ್ಟಿದ್ದಾರೆಯೇ ಎಂದು ಮೊದಲು ಕೇಳಬೇಕು. ಸಾಣೆ ಹಿಡಿಯುವಾಗಲೂ ಇದೇ ನಿಯಮ. ಗ್ರೈಂಡರ್ ಬಿಸಿಗೆ ಅಂಚು ನೀಲಿಯಾದರೆ ಅಲ್ಲಿ ಹದ ಹೋಯಿತು ಎಂದೇ ಅರ್ಥ. ನೀರಿನಲ್ಲಿ ಅದ್ದಿ ಅದ್ದಿ ಸಾಣೆ ಹಿಡಿಯುವುದು ಅದಕ್ಕೇ.

ಇಲ್ಲಿ ಇನ್ನೊಂದು ಎಚ್ಚರಿಕೆ. ತಿರುಗುವ ಚಕ್ರದ ಹತ್ತಿರ ಬಟ್ಟೆಯ ಕೈಗವಸು ಸುರಕ್ಷತೆ ಎಂದು ಹಲವರು ನಂಬಿದ್ದಾರೆ. ಗವಸಿನ ನೂಲು ಸಿಕ್ಕಿಕೊಂಡರೆ ಚಕ್ರ ಕೈಯನ್ನೇ ಎಳೆದುಕೊಳ್ಳುತ್ತದೆ. ದುಪಟ್ಟಾ, ಸೆರಗು, ಸಡಿಲ ತೋಳು, ಬಿಚ್ಚಿದ ಕೂದಲು, ಕೊರಳಿನ ದಾರ ಎಲ್ಲವೂ ಹಾಗೆಯೇ. ಕಣ್ಣಿಗೆ ಕನ್ನಡಕ ಮಾತ್ರ ಕಡ್ಡಾಯ. ಓದುವ ಕನ್ನಡಕ ಸಾಲದು, ಬದಿಗಳೂ ಮುಚ್ಚಿದ ಸುರಕ್ಷಾ ಕನ್ನಡಕ ಬೇಕು.

‘ನ್ಯಾನೋ ತಂತ್ರಜ್ಞಾನ’ ಮತ್ತು ನಮ್ಮ ಉಕ್ಕು

ಕೈಚಾಕುಗಳ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ಕನ್ನಡಿಗರ ಎದೆ ಉಬ್ಬಿಸುವಂಥದ್ದು ಇದು. ಡಮಾಸ್ಕಸ್ ಕತ್ತಿಗಳು ದಕ್ಷಿಣ ಭಾರತದ ಉಕ್ಕಿನವು, ಅದರಲ್ಲಿ ನ್ಯಾನೋ ಕೊಳವೆಗಳಿವೆ, ಆದ್ದರಿಂದ ನಮ್ಮವರಿಗೆ ನ್ಯಾನೋ ತಂತ್ರಜ್ಞಾನ ಗೊತ್ತಿತ್ತು ಎಂಬ ವಾದ.

ಮೊದಲ ಭಾಗಕ್ಕೆ ಆಧಾರವಿದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಮಣ್ಣಿನ ಮೂಸೆಯಲ್ಲಿ ಕರಗಿಸಿ ತಯಾರಿಸುತ್ತಿದ್ದ, ಸುಮಾರು ಶೇ. 1.5ರಷ್ಟು ಇಂಗಾಲವಿದ್ದ ಉಕ್ಕು ಜಗತ್ತಿನಲ್ಲಿ ಹೆಸರಾಗಿತ್ತು. ಯುರೋಪಿನವರು ಅದನ್ನು ‘ವುಟ್ಜ್’ ಎಂದು ಕರೆದರು. ಈ ಹೆಸರು ಕನ್ನಡದ ‘ಉಕ್ಕು’ ಎಂಬ ಪದದಿಂದ ಬಂದಿತು ಎಂಬುದು ವ್ಯಾಪಕವಾಗಿ ಒಪ್ಪಿರುವ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ಬಗ್ಗೆ ಪ್ರಬಂಧ ಸಲ್ಲಿಸಿದರು. ಟಿಪ್ಪು ಸುಲ್ತಾನರ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ತಯಾರಿಸುವ ಕ್ರಮವನ್ನು ಬರೆದಿಟ್ಟರು. ಕಮ್ಮಾರನ ಮಗನಾಗಿ ಹುಟ್ಟಿದ ವಿಜ್ಞಾನಿ ಮೈಕೆಲ್ ಫ್ಯಾರಡೆ ಕೂಡ 1819ರ ಸುಮಾರಿಗೆ ಈ ಉಕ್ಕಿನ ಗುಟ್ಟು ಹುಡುಕಿದವರಲ್ಲಿ ಒಬ್ಬರು.

ಎರಡನೆಯ ಭಾಗಕ್ಕೂ ಮೂಲವಿದೆ. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಸಂಶೋಧಕರು 17ನೇ ಶತಮಾನದ ಒಂದು ಡಮಾಸ್ಕಸ್ ಕತ್ತಿಯ ತುಣುಕಿನಲ್ಲಿ ಇಂಗಾಲದ ನ್ಯಾನೋ ಕೊಳವೆಗಳನ್ನು ಕಂಡುದಾಗಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು.

ದಾರಿ ತಪ್ಪುವುದು ಮೂರನೆಯ ಭಾಗದಲ್ಲಿ. ಕಂಡದ್ದು ತುಣುಕಿನ ರಚನೆ. ಅದನ್ನು ಕಮ್ಮಾರರು ತಿಳಿದು ಮಾಡಿದರು ಎಂದು ಆ ವರದಿ ಹೇಳಿಲ್ಲ. ಹಾಲು ಹೆಪ್ಪು ಹಾಕುವವರಿಗೆ ಬ್ಯಾಕ್ಟೀರಿಯಾದ ಹೆಸರು ಗೊತ್ತಿರಬೇಕಾಗಿಲ್ಲವಲ್ಲ, ಹಾಗೆ. 1998ರಲ್ಲಿ ಅಮೆರಿಕದ ಲೋಹತಜ್ಞ ಜಾನ್ ವರ್ಹೋವೆನ್, ಚಾಕು ಕುಶಲಕರ್ಮಿ ಆಲ್‌ಫ್ರೆಡ್ ಪೆಂಡ್ರೆ ಮತ್ತಿತರರು ಇನ್ನೊಂದು ಸಂಗತಿ ತೋರಿಸಿದರು. ಆ ಅಲಗಿನ ಅಲೆಯಂಥ ಚಿತ್ತಾರಕ್ಕೆ ಅದಿರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದ ವನೇಡಿಯಂನಂಥ ಲೋಹಗಳು ಕಾರಣ ಎಂಬುದು ಅವರ ನಿರ್ಣಯ. ಸರಿಯಾದ ಅದಿರು ಮತ್ತು ತಲೆಮಾರುಗಳ ಕೈಪಳಗು ಸೇರಿ ಆದ ಕೆಲಸ ಅದು. ಹೆಮ್ಮೆ ಪಡಲು ಅಷ್ಟು ಸಾಕು, ನ್ಯಾನೋ ಎಂಬ ಬಾಲ ಬೇಕಿಲ್ಲ.

ಈ ಹೆಮ್ಮೆಯ ನೆರಳಲ್ಲಿ ಮೋಸವೂ ನಡೆಯುತ್ತದೆ. ಇಂದು ‘ಡಮಾಸ್ಕಸ್’ ಎಂದು ಮಾರುವ ಒಳ್ಳೆಯ ಚಾಕುಗಳು ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು, ಆಮ್ಲದಲ್ಲಿ ಅದ್ದಿ ಚಿತ್ತಾರ ಎಬ್ಬಿಸಿದವು. ನಿಕಲ್ ಇರುವ ಪದರ ಹೊಳೆಯುತ್ತದೆ, ಇಲ್ಲದ್ದು ಕಪ್ಪಾಗುತ್ತದೆ. ಇದು ಹಳೆಯ ಮೂಸೆಯ ಉಕ್ಕಲ್ಲ, ಆದರೂ ಪ್ರಾಮಾಣಿಕ ಕೆಲಸ. ಅಗ್ಗದ ಚಾಕುಗಳಲ್ಲಿ ಕೆಲವು ಸಾದಾ ಉಕ್ಕಿನ ಮೇಲೆ ಲೇಸರಿನಿಂದ ಚಿತ್ರ ಕೊರೆದವು. ಗುರುತಿಸಲು ಒಂದು ದಾರಿ: ಅಲಗಿನ ಬೆನ್ನನ್ನು ನೋಡಿ. ಪದರದ ಗೆರೆ ಪಕ್ಕದಿಂದ ಬೆನ್ನಿನ ಮೇಲೂ ಹರಿದಿರಬೇಕು. ಪಕ್ಕದಲ್ಲಿ ಮಾತ್ರ ಚಿತ್ತಾರವಿದ್ದು ಬೆನ್ನು ನುಣ್ಣಗಿದ್ದರೆ ಅನುಮಾನಿಸಿ. ಚಿತ್ತಾರ ಅಸಲಿಯೇ ಆಗಿದ್ದರೂ ಹರಿತ ಹೆಚ್ಚು ಎಂದೇನೂ ಅಲ್ಲ.

ಮರದ ಹಿಡಿ: ಚೆಂದದ ಹಿಂದೆ ಲೆಕ್ಕ

ಹಿಡಿ ಕೂರಿಸಲು ಮುಖ್ಯವಾಗಿ ಎರಡು ಕ್ರಮ. ಒಂದರಲ್ಲಿ ಅಲಗಿನ ಹಿಂಭಾಗ ಹಿಡಿಯಷ್ಟೇ ಅಗಲವಾಗಿದ್ದು, ಎರಡೂ ಬದಿಗೆ ಮರದ ಹಲ್ಲೆ ಅಂಟಿಸಿ ಹಿತ್ತಾಳೆಯ ಮೊಳೆ ಹಾಕುತ್ತಾರೆ. ಇನ್ನೊಂದರಲ್ಲಿ ಹಿಂಭಾಗ ಬಾಲದಂತೆ ಸಪೂರವಾಗಿದ್ದು ಮರದೊಳಗೆ ಹೊಕ್ಕಿರುತ್ತದೆ. ಕುಡುಗೋಲಿಗೆ ನಮ್ಮಲ್ಲಿ ಈ ಎರಡನೆಯ ಕ್ರಮವೇ ರೂಢಿ. ಬಾಲವನ್ನು ಕಾಯಿಸಿ ಮರಕ್ಕೆ ಇಳಿಸಿ, ಬಾಯಿಗೆ ಕಬ್ಬಿಣದ ಬಳೆ ಹಾಕುತ್ತಾರೆ. ಬಳೆ ಇಲ್ಲದಿದ್ದರೆ ಮರ ಸೀಳುತ್ತದೆ.

ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ನಗಣ್ಯ, ಅಡ್ಡಕ್ಕೆ ಚೆನ್ನಾಗಿ ಕುಗ್ಗುತ್ತದೆ. ಒಳಗಿನ ಉಕ್ಕು ಕುಗ್ಗುವುದಿಲ್ಲ. ಹಾಗಾಗಿ ಮರ ಬಿರಿಯುತ್ತದೆ. ಮಳೆಗಾಲದಲ್ಲಿ ಬಿಗಿಯಾಗಿದ್ದ ಹಿಡಿ ಬೇಸಿಗೆಯಲ್ಲಿ ಅಲ್ಲಾಡುವುದೂ ಇದೇ ಕಾರಣಕ್ಕೆ.

ಅಲಂಕಾರಕ್ಕೆ ಬೀಟೆಯನ್ನು ಮೆಚ್ಚುವವರು ಬಹಳ. ಕೆತ್ತನೆಗೂ ಹೊಳಪಿಗೂ ಅದು ಒಲಿಯುತ್ತದೆ. ಮೈಸೂರಿನ ಇನ್‌ಲೇ ಕೆಲಸಕ್ಕೆ ಹೆಸರು ತಂದ ಮರವೂ ಅದೇ. ಆದರೆ ಕರ್ನಾಟಕದಲ್ಲಿ ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೀಟೆ ಸೇರಿದ ಡಾಲ್ಬರ್ಜಿಯಾ ಕುಲ 2017ರ ಜನವರಿಯಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿದೆ. ಆದ್ದರಿಂದ ಬಿಲ್ಲು ಇಲ್ಲದೆ ಸಿಗುವ ಅಗ್ಗದ ಬೀಟೆ ತುಂಡಿನ ಆಸೆ ಬೇಡ. ಹುಣಸೆಯ ಚೇಗು, ಹಲಸು ಕೂಡ ಒಳ್ಳೆಯ ಹಿಡಿ ಆಗುತ್ತವೆ. ಚನ್ನಪಟ್ಟಣದ ಆಟಿಕೆಗಳಂತೆ ಅರಗಿನ ಬಣ್ಣ ಹಚ್ಚಿದ ಹಿಡಿ ನೋಡಲು ಚೆಂದ. ಒಲೆಯ ಪಕ್ಕ ಇಟ್ಟರೆ ಮಾತ್ರ ಅರಗು ಬಿಸಿಗೆ ಮೆತ್ತಗಾಗುತ್ತದೆ. ಅಡುಗೆಮನೆಗೆ ಯಾವ ಕಾರಣಕ್ಕೂ ಬೇಡದ್ದು ಕಣಗಿಲೆಯ ಕಟ್ಟಿಗೆ. ಆ ಗಿಡದ ಎಲ್ಲ ಭಾಗವೂ ವಿಷ.

ಮರದ ಪುಡಿ: ‘ನೈಸರ್ಗಿಕ’ ಎಂಬ ಭ್ರಮೆ

ಹಿಡಿಗೆ ಆಕಾರ ಕೊಡುವಾಗ, ಸ್ಯಾಂಡ್‌ಪೇಪರ್ ಹಾಕುವಾಗ ಏಳುವ ಪುಡಿ ಕಣ್ಣಿಗೆ ಕಾಣುವುದಕ್ಕಿಂತ ಸಣ್ಣದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 1995ರಲ್ಲೇ ಮರದ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮುಖ್ಯವಾಗಿ ಮೂಗಿನ ಒಳಭಾಗ ಮತ್ತು ಅದರ ಪಕ್ಕದ ಕುಹರಗಳ ಕ್ಯಾನ್ಸರ್.

ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಮೊದಲ ಗುಂಪು ಎಂದರೆ ಕ್ಯಾನ್ಸರ್‌ಗೆ ಕಾರಣ ಎಂಬುದಕ್ಕೆ ಸಾಕ್ಷ್ಯ ಗಟ್ಟಿಯಾಗಿದೆ ಎಂದರ್ಥ. ಎಷ್ಟು ಅಪಾಯ ಎಂಬುದನ್ನು ಆ ಗುಂಪು ಹೇಳುವುದಿಲ್ಲ. ಆ ಸಾಕ್ಷ್ಯ ಬಂದದ್ದು ಪೀಠೋಪಕರಣ ಕಾರ್ಖಾನೆಗಳಂಥ ಕಡೆ ವರ್ಷಗಟ್ಟಲೆ ಪುಡಿ ಉಸಿರಾಡಿದ ಕಾರ್ಮಿಕರಿಂದ. ವರ್ಷಕ್ಕೊಂದು ಹಿಡಿ ಉಜ್ಜುವವರ ಅಪಾಯ ಅಷ್ಟಿಲ್ಲ. ಆದರೆ ದಿನವೂ ಇದೇ ಕೆಲಸ ಮಾಡುವ ಬಡಗಿಗಳಿಗೆ, ಕರಕುಶಲಕರ್ಮಿಗಳಿಗೆ ಈ ಮಾತು ತಲುಪಲೇಬೇಕು. ಹೆಗಲ ವಸ್ತ್ರ ಮೂಗಿಗೆ ಕಟ್ಟಿಕೊಂಡರೆ ಸಣ್ಣ ಪುಡಿ ನಿಲ್ಲುವುದಿಲ್ಲ. ಎನ್95 ಮುಖಗವಸು ಬೇಕು, ಬಯಲು ಜಾಗ ಬೇಕು. ಬೀಟೆ ಜಾತಿಯ ಮರಗಳ ಪುಡಿಯಿಂದ ಕೆಲವರ ಚರ್ಮಕ್ಕೆ ಅಲರ್ಜಿಯೂ ಆಗುತ್ತದೆ. ಹಿಡಿ ಅಂಟಿಸುವ ಎಪಾಕ್ಸಿ ಗೋಂದು ಒಣಗುವ ಮುನ್ನ ಬರಿಗೈಗೆ ತಾಗುತ್ತಲೇ ಇದ್ದರೆ ಅದಕ್ಕೂ ಅಲರ್ಜಿ ಬರಬಹುದು. ಒಮ್ಮೆ ಬಂದ ಅಲರ್ಜಿ ಮತ್ತೆ ಮತ್ತೆ ಕಾಡುತ್ತದೆ.

ಮರದ ಪುಡಿ ಬಿದ್ದ ಜಾಗದಲ್ಲೇ ಕಬ್ಬಿಣ ಗ್ರೈಂಡ್ ಮಾಡಬೇಡಿ. ಕಿಡಿ ಪುಡಿಯೊಳಗೆ ಅವಿತು ಗಂಟೆಗಳ ಬಳಿಕ ಹೊತ್ತಿಕೊಳ್ಳಬಹುದು.

ಎಣ್ಣೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದು ನಿಜವೇ?

ನಿಜ. ಈ ಲೇಖನದಿಂದ ಒಂದೇ ಒಂದು ವಿಷಯ ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.

ಹಿಡಿಗೆ ಹೊಳಪು ಕೊಡಲು ಅಗಸೆ ಎಣ್ಣೆ ಹಚ್ಚುತ್ತಾರೆ. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುತ್ತದೆ. ಆಗ ಬಿಸಿ ಹುಟ್ಟುತ್ತದೆ. ಹಿಡಿಯ ಮೇಲಿನ ತೆಳು ಪದರದ ಬಿಸಿ ಗಾಳಿಗೆ ಹೋಗಿಬಿಡುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿ ಒಳಗೇ ಕೂಡಿಕೊಂಡು ಕೆಲವು ಗಂಟೆಗಳಲ್ಲಿ ಬಟ್ಟೆ ಹೊತ್ತಿಕೊಳ್ಳಬಹುದು. 1991ರ ಫೆಬ್ರುವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದ 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡಕ್ಕೆ ಬೆಂಕಿ ಬಿತ್ತು. ಮರಕ್ಕೆ ಹಚ್ಚಿದ ಅಗಸೆ ಎಣ್ಣೆಯ ಬಟ್ಟೆಗಳೇ ಕಾರಣ. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು.

ಪರಿಹಾರ ಸುಲಭ. ಬಟ್ಟೆಯನ್ನು ಹೊರಗೆ, ಮಡಚದೆ ಬಿಡಿಸಿ, ಗಟ್ಟಿಯಾಗುವವರೆಗೆ ಒಣ ಹಾಕಿ. ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ. ಹಾರ್ಡ್‌ವೇರ್ ಅಂಗಡಿಯ ‘ಬಾಯಿಲ್ಡ್’ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ರಾಸಾಯನಿಕ ಬೆರೆಸಿರುತ್ತಾರೆ. ಅದು ತಿನ್ನುವ ಎಣ್ಣೆ ಅಲ್ಲ, ಮಕ್ಕಳ ಕೈಗೆ ಸಿಗದಂತೆ ಇಡಿ. ಕೊಬ್ಬರಿ ಎಣ್ಣೆ ಹಚ್ಚಿದರೆ ಈ ಭಯ ಇಲ್ಲ. ಆದರೆ ಅದು ಗಟ್ಟಿಯಾಗುವುದೂ ಇಲ್ಲ, ಜಿಡ್ಡಾಗಿ ಉಳಿದು ಕೈ ಜಾರುತ್ತದೆ.

ಮರದ ಹಿಡಿ ರೋಗಾಣುಗಳ ಗೂಡೇ?

ಅರ್ಧ ನಿಜ. ಅಮೆರಿಕದ ಆಹಾರ ಸೂಕ್ಷ್ಮಜೀವಿ ತಜ್ಞ ಡೀನ್ ಕ್ಲೈವರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಮರದ ಮತ್ತು ಪ್ಲಾಸ್ಟಿಕ್ ತರಕಾರಿ ಹಲಗೆಗಳನ್ನು ಹೋಲಿಸಿದರು. ಮರದ ಮೇಲೆ ಬಿದ್ದ ಬ್ಯಾಕ್ಟೀರಿಯಾ ಒಳಗೆ ಹೀರಿಕೊಂಡು, ಅಲ್ಲಿ ಹೆಚ್ಚಾಗದೆ ಕ್ರಮೇಣ ಸಾಯುತ್ತಿದ್ದವು. ಗೀರು ಬಿದ್ದ ಹಳೆಯ ಪ್ಲಾಸ್ಟಿಕ್ ಹಲಗೆಯನ್ನು ಕೈಯಲ್ಲಿ ತೊಳೆದು ಶುಚಿ ಮಾಡುವುದೇ ಕಷ್ಟವಾಗಿತ್ತು. ಅಂದರೆ ಮರ ಎಂದಾಕ್ಷಣ ಕೊಳಕು ಎನ್ನಲಾಗದು.

ಇದು ಹಲಗೆಯ ಅಧ್ಯಯನ, ಹಿಡಿಯದ್ದಲ್ಲ ಎಂಬುದು ನೆನಪಿರಲಿ. ಹಿಡಿಯ ದುರ್ಬಲ ಜಾಗ ಬಿರುಕು, ಮತ್ತು ಮರ ಹಾಗೂ ಉಕ್ಕು ಕೂಡುವ ಸಂದು. ಅಲ್ಲಿ ಮಾಂಸದ ರಸ, ತರಕಾರಿ ನೀರು ನಿಲ್ಲುತ್ತದೆ. ಸಿಂಕಿನಲ್ಲಿ ನೆನೆಹಾಕಬೇಡಿ. ಸೋಪಿನಲ್ಲಿ ತೊಳೆದು, ತಕ್ಷಣ ಒರೆಸಿ, ಗಾಳಿಯಾಡುವ ಕಡೆ ಇಡಿ. ಬಿರುಕು ದೊಡ್ಡದಾದರೆ ಹಿಡಿ ಬದಲಿಸುವ ಕಾಲ ಬಂತು.

ಕಪ್ಪಾದ ಬಾಳೆಕಾಯಿ, ತುಕ್ಕು, ಧನುರ್ವಾಯು

ಕೈಯಲ್ಲಿ ಮಾಡಿದ ಇಂಗಾಲದ ಉಕ್ಕಿನ ಚಾಕುವಿನಿಂದ ಬಾಳೆಕಾಯಿ, ಬದನೆಕಾಯಿ ಹೆಚ್ಚಿದರೆ ಕಪ್ಪಾಗುತ್ತದೆ. ಕಬ್ಬಿಣದ ಈಳಿಗೆಮಣೆ ಬಳಸಿದ ಅಜ್ಜಿಯರಿಗೆ ಇದು ಹೊಸದಲ್ಲ. ತರಕಾರಿಯ ಒಗರು ಅಂಶ ಕಬ್ಬಿಣದೊಡನೆ ಸೇರಿ ಕಪ್ಪು ಬಣ್ಣ ಆಗುತ್ತದೆ. ಇದು ವಿಷ ಅಲ್ಲ. ಬಣ್ಣ, ರುಚಿ ಸ್ವಲ್ಪ ಕೆಡಬಹುದು. ಬಳಸುತ್ತಾ ಹೋದಂತೆ ಅಲಗಿನ ಮೇಲೆ ಬೂದುಗಪ್ಪು ಪೊರೆ ಕೂತು ಈ ತೊಂದರೆ ಕಡಿಮೆಯಾಗುತ್ತದೆ. ಆ ಪೊರೆ ತುಕ್ಕಲ್ಲ. ತುಕ್ಕು ಕಿತ್ತಳೆ ಬಣ್ಣದ್ದು, ಉದುರುತ್ತದೆ, ಅದನ್ನು ಉಜ್ಜಿ ತೆಗೆಯಬೇಕು.

ತುಕ್ಕು ತಾಗಿದರೆ ಧನುರ್ವಾಯು ಎಂಬ ಮಾತು ಬಹಳ ಹಳೆಯದು. ರೋಗ ತರುವುದು ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯಾ. ಅದು ಮಣ್ಣು, ಗೊಬ್ಬರ, ಧೂಳಿನಲ್ಲಿರುತ್ತದೆ. ತುಕ್ಕು ಹಿಡಿದ ಮೊಳೆ ಮಣ್ಣಿನಲ್ಲಿ ಬಿದ್ದಿರುವುದರಿಂದ ಎರಡಕ್ಕೂ ನಂಟು ಹುಟ್ಟಿತು. ತೋಟದಲ್ಲಿ ಬಳಸಿದ ಥಳಥಳಿಸುವ ಹೊಸ ಚಾಕು ತಾಗಿದರೂ ಅಪಾಯ ಇದೆ. ‘ತುಕ್ಕಿರಲಿಲ್ಲ, ಇಂಜೆಕ್ಷನ್ ಬೇಡ’ ಎಂಬ ಲೆಕ್ಕ ತಪ್ಪು. ಗಾಯ ಆಳವಿದ್ದರೆ, ಮಣ್ಣು ಸೇರಿದ್ದರೆ, ಕೊನೆಯ ಲಸಿಕೆ ಯಾವಾಗ ಎಂದು ನೆನಪಿಲ್ಲದಿದ್ದರೆ ವೈದ್ಯರನ್ನು ಕಾಣಿ.

ಗಾಯಕ್ಕೆ ಕಾಫಿ ಪುಡಿ, ಸುಣ್ಣ ತುಂಬಬೇಡಿ. ಶುದ್ಧ ಬಟ್ಟೆಯಿಂದ ಸುಮಾರು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಸುಟ್ಟರೆ ಟೂತ್‌ಪೇಸ್ಟ್ ಬೇಡ. 20 ನಿಮಿಷ ಹರಿಯುವ ತಣ್ಣೀರು ಬಿಡಿ. ಮೊಂಡು ಚಾಕು ಸುರಕ್ಷಿತ ಎಂಬ ನಂಬಿಕೆಯನ್ನೂ ಬಿಡಿ. ಮೊಂಡಾದಷ್ಟೂ ಹೆಚ್ಚು ಒತ್ತಬೇಕು, ಒತ್ತಿದಷ್ಟೂ ಜಾರುತ್ತದೆ.

ಕಾನೂನು ಏನು ಹೇಳುತ್ತದೆ?

ಅಡುಗೆ, ಕೃಷಿ ಕೆಲಸಕ್ಕೆಂದು ಮಾಡಿದ ಚಾಕು, ಕತ್ತಿಗಳಿಗೆ ಪರವಾನಗಿ ಬೇಕಿಲ್ಲ. ಆ ಉದ್ದೇಶದ್ದಲ್ಲದ, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕು, ಕಠಾರಿ, ಕತ್ತಿಗಳನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರೂಪಿಸಿದ 2016ರ ನಿಯಮಗಳು ಆಯುಧಗಳ ಪಟ್ಟಿಯಲ್ಲಿ ಇಡುತ್ತವೆ. ‘9 ಇಂಚಿನ ಒಳಗಿದ್ದರೆ ಎಲ್ಲಿಗೆ ಬೇಕಾದರೂ ಒಯ್ಯಬಹುದು’ ಎಂಬ ಫಾರ್ವರ್ಡ್ ನಂಬಬೇಡಿ. ವಿಮಾನದ ಕೈಚೀಲದಲ್ಲಿ ಚಾಕು ನಿಷಿದ್ಧ. ಯಾರನ್ನಾದರೂ ಬೆದರಿಸಲು ಹಿಡಿದರೆ ಹಣ್ಣು ಹೆಚ್ಚುವ ಚಾಕುವೂ ಅಪರಾಧದ ಸಾಧನವೇ.

ನಮ್ಮ ತೀರ್ಮಾನ

ಲಾರಿ ಸ್ಪ್ರಿಂಗ್‌ನಿಂದ ಒಳ್ಳೆಯ ಚಾಕು ಮಾಡಬಹುದು ಎಂಬುದು ನಿಜ. ಯಾರು ಬೇಕಾದರೂ ಮನೆಯಲ್ಲೇ ಸುಲಭವಾಗಿ ಮಾಡಬಹುದು ಎಂಬುದು ದಾರಿ ತಪ್ಪಿಸುವ ಮಾತು. ಮಾಡುವ ಆಸೆ ಇದ್ದವರು ಮೊದಲು ಹತ್ತಿರದ ಕುಲುಮೆಗೆ ಹೋಗಿ ಕಮ್ಮಾರರ ಪಕ್ಕ ನಿಂತು ನೋಡಿ. ಸಿದ್ಧ ಅಲಗು ಕೊಂಡು ಹಿಡಿ ಮಾತ್ರ ನೀವೇ ಮಾಡುವುದೂ ಒಳ್ಳೆಯ ಆರಂಭ. ಅದರಲ್ಲಿ ಕುಲುಮೆಯ ಬೆಂಕಿಯೂ ಇಲ್ಲ, ಕಾದ ಎಣ್ಣೆಯೂ ಇಲ್ಲ.

ಇಂಥ ವಿಡಿಯೋ ಮುಂದಿನ ಸಲ ಬಂದಾಗ ಕಳಿಸುವ ಮುನ್ನ ಮೂರು ಪ್ರಶ್ನೆ ಕೇಳಿ. ಯಾವ ಉಕ್ಕು ಎಂದು ಹೇಳಿದ್ದಾರೆಯೇ? ಅದ್ದಿದ ಮೇಲೆ ಮತ್ತೆ ಕಾಯಿಸಿ ಹದ ಮಾಡಿದ್ದು ತೋರಿಸಿದ್ದಾರೆಯೇ? ಮಾಡುವವರ ಕಣ್ಣಿಗೆ ಕನ್ನಡಕ, ಮೂಗಿಗೆ ಮುಖಗವಸು ಇದೆಯೇ? ಮೂರಕ್ಕೂ ‘ಇಲ್ಲ’ ಎಂದಾದರೆ ಆ ವಿಡಿಯೋವನ್ನು ಮಕ್ಕಳಿರುವ ಗ್ರೂಪಿಗೆ ಕಳಿಸಬೇಡಿ.